ಮಜೂರಿಯ ಲೆಕ್ಕ

ಕಳೆದ ಮಾರ್ಚ್ ತಿಂಗಳ ಮಾತು. ನಮ್ಮೂರಿನ ಮಹಿಳಾ ಮಂಡಳದವರು ಮಹಿಳಾ ದಿನಾಚರಣೆಗೆಂದು ಒಬ್ಬ ದೊಡ್ಡ ಮನುಷ್ಯರನ್ನು ಕರೆಸಿದ್ದರು. ಹೆಣ್ಣಿನ ತ್ಯಾಗ, ಸಹನೆ, ಭೂಮಿತಾಯಿ, ದೀಪದ ಬತ್ತಿ, ಇಷ್ಟೂ ಆದ ಮೇಲೆ ಅವರು ಕಣ್ಣು ಅರೆಮುಚ್ಚಿ, "ಗೃಹಿಣಿಯ ಸೇವೆಗೆ ಬೆಲೆ ಕಟ್ಟಲು ಯಾರಿಂದ ಸಾಧ್ಯ ತಾಯಂದಿರೇ? ಅದು ಅಮೂಲ್ಯ!" ಎಂದರು. ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ನಾನೂ ತಟ್ಟಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಅವರಿಗೆ ಹಾರ, ಶಾಲು, ಫಲತಾಂಬೂಲ, ಜೊತೆಗೊಂದು ಲಕೋಟೆ. ಲಕೋಟೆಯಲ್ಲಿ ಎಷ್ಟಿತ್ತೆಂಬುದು ಮಂಡಳದ ಖಜಾಂಚಿಯಾದ ನನಗೆ ಗೊತ್ತು, ಅದು ಬೇಡ. ಕಾರಿನ ಬಾಡಿಗೆ ಬೇರೆ. ಮೈಕಿನವನಿಗೆ ದುಡ್ಡು, ಶಾಮಿಯಾನದವನಿಗೆ ದುಡ್ಡು, ಫೋಟೋ ತೆಗೆದ ಹುಡುಗನಿಗೂ ದುಡ್ಡು. ಬೆಳಗಿನ ನಾಲ್ಕಕ್ಕೆ ಎದ್ದು ನೂರೈವತ್ತು ಜನಕ್ಕೆ ಉಪ್ಪಿಟ್ಟು, ಶಿರಾ ಮಾಡಿ ಹಾಕಿದ ನಾಲ್ಕು ಜನ ಹೆಂಗಸರಿದ್ದರಲ್ಲ, ಅವರ ಹೆಸರಿನ ಮುಂದೆ ನನ್ನ ಖರ್ಚಿನ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಅವರು ಮಂಡಳದ ಸದಸ್ಯರು. ಅವರ ಸೇವೆ ಅಮೂಲ್ಯ!

ಆ ರಾತ್ರಿ ಲೆಕ್ಕ ಬರೆಯಲು ಕೂತಾಗಲೇ ಈ ಮಾತಿನ ಗುಟ್ಟು ನನಗೆ ಹೊಳೆದದ್ದು. ಯಾವುದಕ್ಕೆ ಬೆಲೆ ಕೊಡುವ ಮನಸ್ಸು ಇಲ್ಲವೋ ಅದನ್ನು "ಬೆಲೆ ಕಟ್ಟಲಾಗದ್ದು" ಎಂದುಬಿಟ್ಟರಾಯಿತು. ಬೈದರೆ ತಿರುಗಿ ಬೈಯಬಹುದು. ಹೊಗಳಿದವರ ಎದುರು ಕೈಯೊಡ್ಡುವುದು ಹೇಗೆ?

ಇದನ್ನು ಹೇಳಲು ನನ್ನ ತವರಿನ ಕಥೆಯಿಂದಲೇ ಶುರುಮಾಡಬೇಕು. ಅಲ್ಲಿ ತಪ್ಪಿನಲ್ಲಿ ನನ್ನ ಪಾಲೂ ಇದೆ.

ನನ್ನ ತವರು ನವಲಗುಂದದ ಸೀಮೆಯ ಒಂದು ಹಳ್ಳಿ. ಎರೆಮಣ್ಣು, ಜೋಳ, ಹತ್ತಿ. ಅವ್ವ ತೀರಿಕೊಂಡದ್ದು 2012ರಲ್ಲಿ. ದಿನಗಳೆಲ್ಲ ಮುಗಿದ ಮೇಲೆ ಅಣ್ಣ, ಅಕ್ಕ, ನಾನು ಮೂವರೂ ಪಡಸಾಲೆಯಲ್ಲಿ ಕೂತೆವು, ಅವ್ವನ ಒಡವೆ ಸಾಮಾನು ಹಂಚಿಕೊಳ್ಳಲು. ಹೊಲದ ಮಾತು ಮೊದಲೇ ಮುಗಿದಿತ್ತು. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾಯಿದೆ 2005ರಲ್ಲಿಯೇ ಹೇಳಿತ್ತು. ಆದರೂ ಅಕ್ಕ, ನಾನು ಇಬ್ಬರೂ ತುಟಿಪಿಟಕ್ಕೆನ್ನದೆ ಸಹಿ ಹಾಕಿಕೊಟ್ಟಿದ್ದೆವು. ತವರಿನ ಬಾಗಿಲು ತೆರೆದಿರಬೇಕಲ್ಲ! ಆ ಬಾಗಿಲಿಗೆ ನಾವು ಕೊಟ್ಟ ಬೆಲೆ ಎಷ್ಟು ಎಕರೆಯೆಂದು ಇಂದಿಗೂ ಲೆಕ್ಕ ಹಾಕಿಲ್ಲ. ಹಾಕಿದರೆ ನಿದ್ದೆ ಬರಲಿಕ್ಕಿಲ್ಲ.

ಹಿತ್ತಾಳೆ ಹಂಡೆ, ತಾಮ್ರದ ಕೊಡ, ಕಂಚಿನ ತಾಟುಗಳನ್ನು ತೂಕ ಮಾಡಿ ಮೂರು ಭಾಗ ಮಾಡಿದೆವು. ಬಂಗಾರಕ್ಕೆ ಪತ್ತಾರ ಬಂದ. ಅವ್ವನ ಬೋರಮಾಳ ಸರವನ್ನು ನೋಡಿದ ಕೂಡಲೇ ನನ್ನ, ಅಕ್ಕನ ಕಣ್ಣು ಒಂದಕ್ಕೊಂದು ತಾಗಿದವು. ಬೋರೆಹಣ್ಣಿನಂಥ ಗುಂಡುಗಳ ಸರ. ಅವ್ವ ಅದನ್ನು ಹಾಕಿಕೊಂಡು ಬಾಗಿಲಿಗೆ ಬಂದರೆ ಬಾಗಿಲೇ ತುಂಬುತ್ತಿತ್ತು. ಯಾರಿಗೆ? ವಾದ ಬಂತು, ಕಣ್ಣೀರು ಬಂತು, "ಸಣ್ಣಾಕಿ ಅಂತ ನಿನಗ ಮೊದಲಿಂದ ಎಲ್ಲಾ ಕೊಟ್ಟಾರ" ಎಂಬ ನಲವತ್ತು ವರ್ಷದ ಹಿಂದಿನ ಮಾತೂ ಬಂತು. ಕೊನೆಗೆ ಕರಗಿಸಿ ಹಂಚುವುದೆಂದಾಯಿತು.

ಪತ್ತಾರ ಒರೆಗಲ್ಲಿಗೆ ತಿಕ್ಕಿ ನೋಡಿ, ತಕ್ಕಡಿಗೆ ಹಾಕಿ, ತಲೆ ಕೆರೆದುಕೊಂಡ. "ಒಳಗ ಅರಗೈತ್ರಿ. ಅರಗು ತಗದು ತೂಕ ಹಿಡೀಬೇಕು." ಹೌದು, ಬೋರಮಾಳದ ಗುಂಡು ಗಟ್ಟಿ ಬಂಗಾರದ್ದಲ್ಲ, ತೆಳು ತಗಡಿನ ಗುಂಡು, ಹೊಟ್ಟೆಯೊಳಗೆ ಅರಗು. ನಾವಿಬ್ಬರು ಅಕ್ಕತಂಗಿ ಕಣ್ಣೀರು ಹಾಕಿದ್ದರಲ್ಲಿ ಒಂದಷ್ಟು ಭಾಗ ಅರಗಿಗಾಗಿಯೇ ಎಂದಾಯಿತು. ಇರಲಿ. ಅಕ್ಕ ಬಿಡುವವಳಲ್ಲ. "ಅಷ್ಟು ನಾಜೂಕಿನ ಕೆಲಸ ಐತಲ್ಲಪಾ. ಅದರ ಮಜೂರಿ?" ಎಂದು ಕೇಳಿದಳು. ಪತ್ತಾರ ನಕ್ಕ. "ಅಕ್ಕಾರ, ಮಾಡಸೋವಾಗ ಮಜೂರಿ. ಕರಗಸೋ ಮಾಲಿಗೆ ಎಲ್ಲೀ ಮಜೂರಿ ಬರತೈತ್ರಿ? ಬಂಗಾರಕ್ಕಷ್ಟ ರೊಕ್ಕ."

ನಿಮಗೂ ಗೊತ್ತಿರುವ ವಿಷಯವೇ. ಅಂಗಡಿಯಲ್ಲಿ ಕೊಳ್ಳುವಾಗ ಮಜೂರಿ, ವೇಸ್ಟೇಜು ಎಂದು ಎಣಿಸಿ ಎಣಿಸಿ ಕೊಡುತ್ತೇವೆ. ಅದೇ ಬಳೆಯನ್ನು ಮರುದಿನ ಮಾರಲು ಹೋದರೆ ಕೈಕೆಲಸದ ದುಡ್ಡು ಗಾಳಿಗೆ ಹೋಗಿರುತ್ತದೆ. ವಸ್ತುವಿಗೆ ಬೆಲೆ ಉಳಿಯುತ್ತದೆ, ಅದನ್ನು ಮಾಡಿದ ಕೈಗೆ ಉಳಿಯುವುದಿಲ್ಲ. ಇದು ಬಂಗಾರದ ಅಂಗಡಿಯ ನಿಯಮ ಮಾತ್ರ ಎಂದು ಆವತ್ತು ನಾನು ತಿಳಿದುಕೊಂಡಿದ್ದೆ.

ಬಂಗಾರ ಮುಗಿಯಿತು, ಹಿತ್ತಾಳೆ ಮುಗಿಯಿತು. ಅಟ್ಟದ ಮೇಲೆ ಒಂಬತ್ತು ಕೌದಿಗಳಿದ್ದವು. ಅತ್ತಿಗೆ ಮೂಗಿಗೆ ಸೆರಗು ಹಿಡಿದು ಒಂದೊಂದೇ ಕೆಳಗೆ ಒಗೆದರು. "ಈ ಚಿಂದಿ ಯಾರಿಗೆ ಬೇಕವಾ? ಮನ್ಯಾಗ ಬ್ಲ್ಯಾಂಕೆಟ್ ಅದಾವು." ಯಾರೂ ಕೈ ಮುಂದೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ನನ್ನ ಮನೆಯಲ್ಲಿ ಸೋಫಾ ಇತ್ತು, ಡಬ್ಬಲ್ ಕಾಟು ಇತ್ತು, ಅದರ ಮೇಲೆ ಕೌದಿ ಹಾಸಿದರೆ ಬಂದವರು ಏನೆಂದಾರು? ದನದ ಮನೆಯ ಕೆಲಸಕ್ಕೆ ಬರುತ್ತಿದ್ದಾಕೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. "ಒಯ್ಯವಾ ನೀನs" ಎಂದರು ಅಣ್ಣ. ಆಕೆ ನಾಲ್ಕನ್ನು ಹೊತ್ತುಕೊಂಡು ಹೋದಳು. ಉಳಿದವು ಎತ್ತಿನ ಮೈಮೇಲೆ, ಹತ್ತಿಯ ಅಂಡಿಗೆಯ ಮೇಲೆ, ಟ್ರ್ಯಾಕ್ಟರಿನ ಸೀಟಿನ ಮೇಲೆ ಹರಿದು ಹೋದವಂತೆ.

ಕೌದಿ ಹೊಲಿಯುವುದನ್ನು ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ನೋಡದವರಿಗಾಗಿ ಎರಡು ಮಾತು. ಮಧ್ಯಾಹ್ನದ ಊಟ, ಮುಸುರೆ, ಬಟ್ಟೆ ಎಲ್ಲ ಮುಗಿದ ಮೇಲೆ, ಸಂಜೆಯ ಹಾಲು ಕರೆಯುವುದಕ್ಕೆ ಮುಂಚೆ, ಅವ್ವನಿಗೆ ಒಂದು ತಾಸು ಸಿಗುತ್ತಿತ್ತು. ಅದಕ್ಕೆ ಅವಳು "ಖಾಲಿ ಹೊತ್ತು" ಎನ್ನುತ್ತಿದ್ದಳು, ನೋಡಿ! ಆ ಖಾಲಿ ಹೊತ್ತಿನಲ್ಲಿ ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಅಪ್ಪನ ಸವೆದ ಧೋತರ, ಅದರ ಮೇಲೆ ಬಣ್ಣಬಣ್ಣದ ತುಣುಕುಗಳನ್ನು ಜೋಡಿಸುವಳು. ಇಳಕಲ್ ಸೀರೆಯ ಟೋಪತೆನೆ ಸೆರಗು, ಗುಳೇದಗುಡ್ಡದ ಖಣದ ಚೂರು, ನಮ್ಮ ಲಂಗ, ಸತ್ತುಹೋದ ನನ್ನ ತಮ್ಮನ ಕುಂಚಿಗೆಯ ಹಸಿರು. ಸೂಜಿಯನ್ನು ತಲೆಗೂದಲಿಗೆ ಒರೆಸಿ ಒರೆಸಿ ಚುಚ್ಚುವಳು. ಸಾಲಿನಿಂದ ಸಾಲಿಗೆ ಅರ್ಧ ಬೆರಳಿನಷ್ಟು ಅಂತರ. ಯಾವ ಪಟ್ಟಿಯೂ ಇಲ್ಲ, ಗೆರೆಯೂ ಇಲ್ಲ, ಕಣ್ಣಳತೆ. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ನಾಲ್ಕು ಕಾಳು ಜೋಳ ಒಳಗೆ ಹಾಕುವಳು. ಯಾಕವ್ವಾ ಎಂದರೆ, "ಕೌದಿ ಹೊಟ್ಟಿ ಖಾಲಿ ಇರಬಾರದು. ಹೊದ್ದವರು ಹಸಗೊಂಡು ಮಲಗತಾರ" ಎನ್ನುವಳು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರದು ಇನ್ನೊಂದು ರೀತಿ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯ ಹೂವು ಇಡುತ್ತಾರೆ. ಅಮೆರಿಕದ ಪ್ರೊಫೆಸರರೊಬ್ಬರು ಬಂದು ನೋಡಿ, ಬೆರಗಾಗಿ, ಬರೆದ ಮೇಲೆ ಅವರ ಕೌದಿಗಳು ಅಮೆರಿಕದ ಪ್ರದರ್ಶನಗಳ ಗೋಡೆಯನ್ನೂ ಏರಿದವು. ಸಂತೋಷವೇ. ಆದರೆ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅದೇ ಕೌದಿಯನ್ನು ಹೊದ್ದು ಕೂತ ಮುದುಕಿಯನ್ನು ನಾವು ಎಷ್ಟು ಸಲ ದಾಟಿಹೋಗಿದ್ದೆವೋ!

ನಮ್ಮ ಮನೆಯಲ್ಲೂ ಹಾಗೇ ಆಯಿತು. 2023ರಲ್ಲಿ, ಬೆಂಗಳೂರಿನಲ್ಲಿರುವ ಅಣ್ಣನ ಮಗಳು ಯಾವುದೋ ದೊಡ್ಡ ಅಂಗಡಿಯಿಂದ ಫೋಟೋ ಕಳಿಸಿದಳು. ಗಾಜಿನ ಹಿಂದೆ, ದೀಪದ ಬೆಳಕಿನಲ್ಲಿ, ಒಂದು ಕೌದಿ. ಪಕ್ಕದಲ್ಲಿ ಚೀಟಿ: 8,500 ರೂಪಾಯಿ. ಮರುದಿನವೇ ಅಣ್ಣನ ಫೋನು. "ಅವ್ವನ ಕೌದಿ ಯಾರ್ ಒಯ್ದರs? ಒಂಬತ್ತಿದ್ದುವಲ್ಲ?" ದನಿಯಲ್ಲಿ ಅವ್ವನ ನೆನಪಿಗಿಂತ ಒಂಬತ್ತರ ಮಗ್ಗಿಯೇ ಜೋರಾಗಿ ಕೇಳಿತು. ಅತ್ತಿಗೆಯೂ ಫೋನು ಇಸಿದುಕೊಂಡು, "ಎಂಥಾ ಛಂದ ಹೊಲೀತಿದ್ರು ನಮ್ಮತ್ತಿ!" ಎಂದರು. ಅತ್ತೆ ಬದುಕಿದ್ದಾಗ ಈ ಮಾತನ್ನು ಕೇಳಿದ ನೆನಪು ನನಗಿಲ್ಲ. ಕೌದಿ ಬದಲಾಗಿರಲಿಲ್ಲ, ಅದರ ಪಕ್ಕದಲ್ಲಿ ಚೀಟಿ ಬಂದಿತ್ತು ಅಷ್ಟೇ.

ಅಂದಹಾಗೆ, ಮುಂದೆ ಬೆಂಗಳೂರಿಗೆ ಹೋದಾಗ ನಾನೂ ಆ ಅಂಗಡಿಗೆ ಹೋದೆ. ಹೊಲಿದವರಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದೆ. ಅಲ್ಲಿದ್ದ ಹುಡುಗಿ ಬಹಳ ಸಭ್ಯಳಾಗಿ, ಇದು ಪ್ರೀತಿಯಿಂದ ಮಾಡಿದ್ದು ಆಂಟಿ, ಅವರ ಕಲೆಗೆ ಬೆಲೆ ಕಟ್ಟೋಕಾಗಲ್ಲ ಎಂದಳು. ಕಟ್ಟಿ ಗೋಡೆಗೆ ಅಂಟಿಸಿದ್ದೀರಲ್ಲ ತಾಯಿ, ಎಂಟೂವರೆ ಸಾವಿರ!

ಬೆಲೆ ಕಟ್ಟಲಾಗುವುದಿಲ್ಲವೇ? ನೋಡೋಣ ಎಂದು ನಾನೇ ಒಂದು ದಿನ ಕಾಗದ ಪೆನ್ಸಿಲ್ ಹಿಡಿದು ಕೂತೆ. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿ. ಸಾಲಿಗೂ ಸಾಲಿಗೂ ಅರ್ಧ ಇಂಚು ಎಂದರೆ 120 ಸಾಲು. ಒಂದೊಂದು ಸಾಲು 84 ಇಂಚು. ಒಟ್ಟು 10,080 ಇಂಚಿನ ಹೊಲಿಗೆ. ಇಂಚಿಗೆ ನಾಲ್ಕು ಎಂದು ಹಿಡಿಯಿರಿ, ನಲವತ್ತು ಸಾವಿರದ ಮೇಲೆ ಆಯಿತು. ಮೂರು ನಾಲ್ಕು ಪದರದ ಬಟ್ಟೆಯಲ್ಲಿ ನಿಮಿಷಕ್ಕೆ ಹತ್ತು ಹೊಲಿಗೆ ಬಿದ್ದರೆ ಹೆಚ್ಚು. ನಾನೇ ಗಡಿಯಾರ ಇಟ್ಟುಕೊಂಡು ಹೊಲಿದು ನೋಡಿದ್ದೇನೆ, ನನಗೆ ಆರೇ ಬಿದ್ದವು, ಬೆರಳಿಗೆ ಎರಡು ಸಲ ಚುಚ್ಚಿತು. ಅವ್ವನ ವೇಗದಲ್ಲಿ 67 ತಾಸು. ದಿನಕ್ಕೆ ಎಂಟು ತಾಸಿನಂತೆ ಎಂಟೂವರೆ ದಿನದ ಕೂಲಿ. ಉದ್ಯೋಗ ಖಾತರಿಯಲ್ಲಿ 2024-25ಕ್ಕೆ ನಮ್ಮ ರಾಜ್ಯದ ದಿನಗೂಲಿ 349 ರೂಪಾಯಿ ಇತ್ತು. ಮಣ್ಣು ಹೊರುವ ಕೂಲಿ, ಕಸುಬಿನದಲ್ಲ. ಆ ದರದಲ್ಲಿಯೂ ಮೂರು ಸಾವಿರಕ್ಕೆ ಹತ್ತಿರ. ಬಟ್ಟೆ, ದಾರ, ಕಣ್ಣು, ಬೆನ್ನು ಬಿಟ್ಟು. ಒಂಬತ್ತಕ್ಕೆ ಇಪ್ಪತ್ತೇಳು ಸಾವಿರ. ಬೆಲೆ ಕಟ್ಟಲು ನನಗೆ ಹಿಡಿದದ್ದು ಕಾಲು ತಾಸು. ಇಷ್ಟು ಸುಲಭದ ಲೆಕ್ಕವನ್ನು ಯಾರೂ ಹಾಕಲಿಲ್ಲವಲ್ಲ, ಅದೇ ಸೋಜಿಗ.

ಸೋಜಿಗವೇನೂ ಅಲ್ಲ. ಈ ದೇಶದಲ್ಲಿ ಗೃಹಿಣಿಯ ದುಡಿತಕ್ಕೆ ಲೆಕ್ಕ ಹಾಕುವ ಜಾಗ ಒಂದಿದೆ, ಅದು ಕೋರ್ಟು. ಹಾಕುವ ಸಮಯ, ಅವಳು ಸತ್ತ ಮೇಲೆ. 1989ರ ಮಾರ್ಚ್ 3ರಂದು ಜಮ್ಷೆಡ್‌ಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಎಷ್ಟೋ ಹೆಂಗಸರು, ಮಕ್ಕಳು ಬೆಂದುಹೋದರು. ಪರಿಹಾರದ ಪ್ರಶ್ನೆ ಬಂದಾಗ, ಸಂಬಳವಿಲ್ಲದ ಹೆಂಗಸು ಸತ್ತರೆ ನಷ್ಟ ಎಷ್ಟು ಎಂದು ಹೇಳಬೇಕಾಯಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ತಿಂಗಳಿಗೆ 3,000 ರೂಪಾಯಿ ಎಂದು ಹಿಡಿಯಿತು. ಅಡಿಗೆ, ಕಸ, ಮುಸುರೆ, ಮಕ್ಕಳು, ಮುದುಕರು, ಹಬ್ಬ, ಹುಣ್ಣಿಮೆ, ಎಲ್ಲ ಸೇರಿ. ಕಡಿಮೆಯೆನ್ನಿ, ಆದರೂ ಅಷ್ಟಾದರೂ ಹೇಳಿತಲ್ಲ!

ಮೋಟಾರು ವಾಹನ ಕಾಯಿದೆಯದು ಇನ್ನೂ ಚೆನ್ನ. 1994ರಲ್ಲಿ ಅದಕ್ಕೊಂದು ಪಟ್ಟಿ ಸೇರಿಸಿದ್ದರು. ಗಳಿಕೆಯಿಲ್ಲದ ಹೆಂಡತಿ ಅಪಘಾತದಲ್ಲಿ ಸತ್ತರೆ, ಬದುಕಿರುವ ಗಂಡನ ಗಳಿಕೆಯ ಮೂರರಲ್ಲೊಂದು ಪಾಲು ಅವಳ ಆದಾಯವೆಂದು ಹಿಡಿಯಬೇಕಿತ್ತು. ಅಂದರೆ ಸಾಹೇಬರ ಹೆಂಡತಿ ಬಡಿದ ರೊಟ್ಟಿಗೆ ಒಂದು ದರ, ಅವರ ಜವಾನನ ಹೆಂಡತಿ ಬಡಿದ ರೊಟ್ಟಿಗೆ ಇನ್ನೊಂದು ದರ. ಸಾಹೇಬರ ಮನೆಯಲ್ಲಿ ರೊಟ್ಟಿ ಬಡಿಯುವುದಕ್ಕೆ ಆಳೇ ಇದ್ದರೂ! 2010ರಲ್ಲಿ ಇಂಥದೊಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸಿಟ್ಟಿಗೆದ್ದಿತು. 2001ರ ಜನಗಣತಿಯಲ್ಲಿ ಮನೆಗೆಲಸದ ಹೆಂಗಸರನ್ನು ದುಡಿಯದವರೆಂದು ಭಿಕ್ಷುಕರು, ಕೈದಿಗಳು, ವೇಶ್ಯೆಯರ ಸಾಲಿನಲ್ಲಿ ಕೂರಿಸಿದ್ದನ್ನು ಎತ್ತಿ ತೋರಿಸಿತು. ಭಿಕ್ಷುಕರಿಗೂ ನಮಗೂ ಒಂದೇ ಪಂಕ್ತಿ. ಒಂದು ವ್ಯತ್ಯಾಸವೆಂದರೆ, ಅವರು ಕೇಳಿ ಪಡೆಯುತ್ತಾರೆ.

2014ರಲ್ಲಿ ದೆಹಲಿಯಲ್ಲಿ ಮೋಟಾರು ಸೈಕಲ್ಲಿನ ಮೇಲೆ ಹೋಗುತ್ತಿದ್ದ ಗಂಡ ಹೆಂಡತಿ ಇಬ್ಬರೂ ಅಪಘಾತದಲ್ಲಿ ಹೋದರು. ಅವರ ಮಕ್ಕಳ ಮೊಕದ್ದಮೆ 2021ರ ಜನವರಿಯಲ್ಲಿ ತೀರ್ಪಾಯಿತು. ನ್ಯಾಯಮೂರ್ತಿ ಎನ್.ವಿ. ರಮಣ ಅವರು ಅದರಲ್ಲಿ, ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದು 2011ರ ಜನಗಣತಿಯಲ್ಲಿ ಹೇಳಿದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷ ಎಂದು ಲೆಕ್ಕ ಕೊಟ್ಟರು. ಗೃಹಿಣಿಗೆ ಆದಾಯ ಲೆಕ್ಕ ಹಾಕುವುದು ದಯೆಯಲ್ಲ, ಅವಳ ದುಡಿತವನ್ನು ಒಪ್ಪಿಕೊಳ್ಳುವ ಕ್ರಮ ಎಂಬ ಅರ್ಥದ ಮಾತನ್ನೂ ಬರೆದರು. ಇದನ್ನು ಪೇಪರಿನಲ್ಲಿ ಓದಿ ನಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಹೌದೇನು? ಛಲೋ ಆತು. ಚಾ ಮಾಡ್ತೀಯೇನು?" ಎಂದರು. ಮಾಡಿದೆ.

ಕೇಂದ್ರ ಸರ್ಕಾರ 2019ರಲ್ಲಿ ಜನರ ದಿನದ ಹೊತ್ತು ಹೇಗೆ ಕಳೆಯುತ್ತದೆಂದು ಸಮೀಕ್ಷೆ ಮಾಡಿಸಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸಿಗೆ ದಿನಕ್ಕೆ 299 ನಿಮಿಷ, ಗಂಡಸಿಗೆ 97. 2024ರಲ್ಲಿ ಮತ್ತೆ ಮಾಡಿಸಿದರು: ಹೆಂಗಸಿಗೆ 289, ಗಂಡಸಿಗೆ 88. ನಮ್ಮದು ಹತ್ತು ನಿಮಿಷ ಇಳಿಯಿತು, ಬಹುಶಃ ಮಿಕ್ಸರು, ಗ್ಯಾಸಿನ ಪುಣ್ಯ. ಅವರದು ಒಂಬತ್ತು ನಿಮಿಷ ಇಳಿದದ್ದು ಯಾರ ಪುಣ್ಯವೋ! ಅದೂ, ಮನೆಗೆಲಸಕ್ಕೆ ಕೈಹಾಕುವ ಗಂಡಸರನ್ನಷ್ಟೇ ಹಿಡಿದು ಮಾಡಿದ ಸರಾಸರಿ. ಹಾಕದವರು ಈ ಲೆಕ್ಕದಲ್ಲೇ ಇಲ್ಲ.

ಈಗ ನನ್ನ ಗೆಳತಿಯರೇ ಎದುರು ಮಾತಾಡುತ್ತಾರೆ. "ಎಲ್ಲಾದಕ್ಕೂ ರೊಕ್ಕದ ಲೆಕ್ಕ ಹಾಕಿದರ ಮನಿ ಮನಿಯಾಗಿ ಉಳೀತೈತೇನs? ಮಗನಿಗೆ ತುತ್ತು ಹಾಕಿ ಬಿಲ್ ಕೊಡ್ತೀಯೇನು?" ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಏಕೆಂದರೆ ನನಗೂ ಬಿಲ್ ಕೊಡುವ ಆಸೆ ಇಲ್ಲ. ಆದರೆ ಒಂದು ಕೇಳುತ್ತೇನೆ. ಮಂತ್ರಕ್ಕೆ ಬೆಲೆ ಕಟ್ಟಲಾಗದು. ಆಚಾರ್ಯರು ದಕ್ಷಿಣೆ ಬೇಡವೆನ್ನುತ್ತಾರೆಯೇ? ವಿದ್ಯೆಗೆ ಬೆಲೆಯಿಲ್ಲ, ಮಾಸ್ತರರು ತುಟ್ಟಿಭತ್ಯೆ ಬಿಟ್ಟುಕೊಡುತ್ತಾರೆಯೇ? ಜೀವ ಉಳಿಸಿದ ಡಾಕ್ಟರು ದೇವರು. ದೇವರ ಬಿಲ್ಲು ಕಟ್ಟದೆ ಪೇಶಂಟನ್ನು ಮನೆಗೆ ಕಳಿಸುತ್ತಾರೆಯೇ? ಹಣ ತೆಗೆದುಕೊಂಡದ್ದರಿಂದ ಇವರ ಕೆಲಸದ ಹಿರಿಮೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಪ್ರೀತಿಗೂ ದುಡ್ಡಿಗೂ ಕೂಡಿಬರುವುದಿಲ್ಲ ಎಂಬ ನೀತಿ ಅಡಿಗೆಮನೆಯ ಹೊಸ್ತಿಲಿನಿಂದ ಈಚೆಗೆ ಮಾತ್ರ ಯಾಕೆ?

ನಮ್ಮ ರಾಜ್ಯದಲ್ಲಿ 2023ರ ಆಗಸ್ಟಿನಲ್ಲಿ ಮನೆಯ ಯಜಮಾನಿಯ ಹೆಸರಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ ಯೋಜನೆ ಬಂದಾಗ ಕಟ್ಟೆಯ ಮೇಲೆ ಕೂತವರೆಲ್ಲ ಏನೆಂದರು, ನೆನಪಿದೆಯೇ? "ಬಿಟ್ಟಿ ರೊಕ್ಕ." ಆ ಯೋಜನೆ ಸರಿಯೋ ತಪ್ಪೋ, ಖಜಾನೆಗೆ ಭಾರವೋ, ಅದು ಬೇರೆ ಚರ್ಚೆ, ಬಲ್ಲವರು ಮಾಡಲಿ. ನನ್ನ ತಕರಾರು ಆ ಒಂದು ಪದದ ಮೇಲೆ. ಎರಡು ಸಾವಿರ ಬಂದ ದಿನ ಬಿಟ್ಟಿ ಎಂಬ ಶಬ್ದ ನೆನಪಾಯಿತು. ಐವತ್ತು ವರ್ಷ ಅವಳ ಕೈಯಿಂದ ತೆಗೆದುಕೊಂಡದ್ದಕ್ಕೆ ಆ ಶಬ್ದ ಯಾರಿಗೂ ಹೊಳೆದಿರಲಿಲ್ಲ.

ಗಂಡಸರನ್ನು ಬೈದು ಮುಗಿಸಿದರೆ ಇದು ಅರ್ಧ ಸುಳ್ಳಾಗುತ್ತದೆ. ತಕ್ಕಡಿ ನಮ್ಮ ಕೈಯಲ್ಲೂ ಇದೆ, ನಾವೂ ಕಡಿಮೆ ತೂಗುವವರೇ. ಮಾಲಿನಲ್ಲಿ ಚೀಟಿಯ ಮೇಲೆ ಅಚ್ಚಾದ ಬೆಲೆಯನ್ನು ತುಟಿ ಎರಡು ಮಾಡದೆ ಕೊಡುವ ನಾನು, ಬಿಸಿಲಲ್ಲಿ ಬುಟ್ಟಿ ಹೊತ್ತು ಬಂದವಳ ಹತ್ತಿರ ಕೊತ್ತಂಬರಿ ಸಿವುಡಿಗೆ ಐದು ರೂಪಾಯಿ ಚೌಕಾಶಿ ಮಾಡುತ್ತೇನೆ. ಮಾಡಿ ಗೆದ್ದೆ ಎಂದು ಪಕ್ಕದ ಮನೆಯಾಕೆಗೆ ಹೇಳುತ್ತೇನೆ. ಕೆಲಸದಾಕೆ ನೂರು ರೂಪಾಯಿ ಹೆಚ್ಚು ಕೇಳಿದರೆ ಓಣಿಯ ಹೆಂಗಸರೆಲ್ಲ ಸೇರಿ "ಎಲ್ಲರೂ ಒಂದs ರೇಟು ಕೊಡೂಣು" ಎಂದು ಒಕ್ಕಟ್ಟಾಗುತ್ತೇವೆ, ಬೇರೆ ಯಾವುದಕ್ಕೂ ಆಗದ ಒಕ್ಕಟ್ಟು. "ನೀವೇನು ಮಾಡ್ತೀರಿ?" ಎಂದು ಯಾರಾದರೂ ಕೇಳಿದರೆ, "ಏನಿಲ್ಲರೀ, ಮನ್ಯಾಗs ಇರ್ತೀನಿ" ಎಂದು ಮೊದಲು ನಾವೇ ನಮ್ಮ ದರವನ್ನು ಸೊನ್ನೆ ಎಂದು ಬರೆದುಕೊಡುತ್ತೇವೆ. ಮಂಡಳದ ಪುಸ್ತಕದಲ್ಲಿ ಆ ನಾಲ್ವರ ಹೆಸರಿನ ಮುಂದೆ ಏನೂ ಬರೆಯದೆ ಬಿಟ್ಟ ಕೈ ನನ್ನದೇ. ಮುಂದಿನ ಸಭೆಯಲ್ಲಿ ಆ ವಿಷಯ ಎತ್ತಿದೆ. ಜಗಳವಾಯಿತು. ಕೊನೆಗೆ ಅಡಿಗೆಗೆ ನಿಂತವರಿಗೆ ತಲಾ ಐದುನೂರು ಎಂದು ಗೊತ್ತುಮಾಡಿದೆವು. ಆ ನಾಲ್ವರಲ್ಲಿ ಇಬ್ಬರು ತೆಗೆದುಕೊಳ್ಳಲು ಒಪ್ಪಲಿಲ್ಲ, ಅವಮಾನವಂತೆ. ಅತಿಥಿಗಳಿಗೆ ಲಕೋಟೆ ಅವಮಾನವಾಗಿರಲಿಲ್ಲ ಎಂದು ಜ್ಞಾಪಿಸಿದೆ. ಇನ್ನೂ ಒಪ್ಪಿಲ್ಲ, ದುಡ್ಡು ಪೆಟ್ಟಿಗೆಯಲ್ಲಿ ಅವರ ಹೆಸರಲ್ಲೇ ಇದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಆ ದನದ ಮನೆಯಾಕೆಯನ್ನು ಹುಡುಕಿಕೊಂಡು ಹೋದೆ. ಈಗ ಮುದುಕಿಯಾಗಿದ್ದಾಳೆ, ಕೈ ನಡುಗುತ್ತದೆ. ಒಯ್ದ ನಾಲ್ಕರಲ್ಲಿ ಒಂದು ಉಳಿದಿತ್ತು. ಹಗ್ಗದ ಮೇಲೆ ಬಿಸಿಲಿಗೆ ಹಾಕಿದ್ದಳು. ತಮ್ಮನ ಕುಂಚಿಗೆಯ ಹಸಿರು ಬಣ್ಣಗೆಟ್ಟಿದ್ದರೂ ಗುರುತು ಸಿಕ್ಕಿತು. ಅಲ್ಲಲ್ಲಿ ಹೊಸ ತೇಪೆಗಳಿದ್ದವು, ಅವ್ವನ ಹೊಲಿಗೆಗಿಂತ ಒರಟು, ಆದರೆ ಬಿಗಿ. ಇದನ್ನು ನನಗೆ ಕೊಡು ಎಂದೆ.

"ಐದು ಸಾವಿರ ಕೊಡ್ರಿ" ಎಂದಳು.

ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ. "ಏನವಾ, ನಮ್ಮವ್ವನ ಹಳೇ ಕೌದಿಗೆ ಐದು ಸಾವಿರನ? ಬಿಟ್ಟಿ ಒಯ್ದದ್ದಲ್ಲೇನು?"

ಆಕೆ ಸಿಟ್ಟಾಗಲಿಲ್ಲ. "ಹೊಲದದ್ದು ನಿಮ್ಮವ್ವ, ಖರೆ. ಹನ್ನೆರಡು ವರ್ಷ ಕೆರಿಗೆ ಹೊತಗೊಂಡು ಹೋಗಿ ಒಗದು, ಹರದಲ್ಲಿ ಹಚ್ಚಿ, ಇಲಿಗೆ ಕೊಡದs ಇಟ್ಟಾಕಿ ನಾನಲ್ಲೇನ್ರಿ? ಅದರ ಮಜೂರಿ?" ಎಂದು, ಕೌದಿಯನ್ನು ಹಗ್ಗದಿಂದ ಇಳಿಸಿ ಮಡಚತೊಡಗಿದಳು.

ಪರ್ಸಿನಲ್ಲಿ ಮೂರು ಸಾವಿರದ ನಾಲ್ಕುನೂರು ಇತ್ತು. ಕೊಟ್ಟೆ. ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡು, "ಬಾಕಿ ತಂದುಕೊಟ್ಟು ಒಯ್ರಿ. ಅಲ್ಲೀತನಾ ಮೊಮ್ಮಗ ಹೊದಕೋತಾನ" ಎಂದು ಒಳಗೆ ಒಯ್ದಳು. ಬರುವ ಸಂತೆಗೆ ಸಾವಿರದ ಆರುನೂರು ತೆಗೆದುಕೊಂಡು ಹೋಗಬೇಕು.